ದುಡಿಮೆಯ ನಷ್ಟವನ್ನು ಅಳೆಯುವುದು: ಅಂಗವೈಕಲ್ಯ ಪರಿಹಾರದ ನಿರಾಕರಣೆ ಮತ್ತು ಮೇಲ್ಮನವಿ



ಕಾಗಿಣಾ ನದಿಯ ಈ ಸೀಮೆ ಸುಣ್ಣಕಲ್ಲಿನ ಸೀಮೆ. ರಾಷ್ಟ್ರಕೂಟರ ಮಾನ್ಯಖೇಟವಿದ್ದ ಮಳಖೇಡದ ಕೋಟೆಯೂ ಇದೇ ಕಲ್ಲಿನದು. ನಮ್ಮ ಮನೆಗಳ ಗೋಡೆ, ನೆಲ, ಕೆಲವು ಕಡೆ ಮಾಳಿಗೆಯೂ ಇದೇ ಕಲ್ಲಿನವು. ನಿಜಾಮರ ಕಾಲದಲ್ಲೇ ಶಹಾಬಾದಿನಲ್ಲಿ ಸಿಮೆಂಟ್ ತಯಾರಾಗತೊಡಗಿತು. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎಸಿಸಿ ಎಂಬ ಸಿಮೆಂಟ್ ಕಂಪನಿ ಆದಾಗ ಶಹಾಬಾದಿನ ಕಂಪನಿಯೂ ಅದರಲ್ಲಿತ್ತು. 1960ರ ದಶಕದ ಕೊನೆಗೆ ವಾಡಿಯ ಕಾರ್ಖಾನೆ ಬಂತು. 1980ರ ದಶಕದಲ್ಲಿ ಮಳಖೇಡ ರೋಡಿನ ಬಳಿ ಆದಿತ್ಯನಗರ ಎದ್ದಿತು, ಸೇಡಂನಲ್ಲಿ ಇನ್ನೊಂದು ಕಾರ್ಖಾನೆ ನಿಂತಿತು. ಆಮೇಲೆ ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳಿಗೂ ಚಿಮಣಿಗಳು ಬಂದವು. ಇವುಗಳ ನಡುವೆ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಖಣಿಗಳು, ಪಾಲಿಶ್ ಯಂತ್ರಗಳು, ಕಲ್ಲು ಹೇರುವ ಲಾರಿಗಳು. ಇಷ್ಟು ಕಲ್ಲು ಒಡೆಯುವ ಸೀಮೆಯಲ್ಲಿ ಕೈಕಾಲು ಮುರಿಯದೆ ಇರುವುದಿಲ್ಲ. ಬೆರಳು ಕಳೆದುಕೊಂಡವರು, ಸೊಂಟ ಮುರಿದುಕೊಂಡವರು, ಒಂದು ಕಣ್ಣಿನ ದೃಷ್ಟಿ ಹೋದವರು, ಉಸಿರು ಕಟ್ಟಿ ಕೆಲಸ ಬಿಟ್ಟವರು ಇಲ್ಲಿ ಓಣಿಗೊಬ್ಬರು ಸಿಗುತ್ತಾರೆ.

ಅವರಿಗೆ ಪರಿಹಾರ ಕೊಡಬೇಕೆಂದು ಹೇಳುವ ಕಾನೂನು ನೂರು ವರ್ಷ ಹಳೆಯದು. ನಾನು ಮಾತನಾಡಲಿರುವುದು ಆ ಕಾನೂನು ಇದೆ ಎಂಬ ಸಂಗತಿಯ ಬಗ್ಗೆ ಅಲ್ಲ. ಕೇಳಿದಾಗ "ಇಲ್ಲ" ಎಂದರೆ, ಅಥವಾ ಕೇಳಿದ್ದರಲ್ಲಿ ಕಾಲುಭಾಗ ಕೊಟ್ಟು "ಇಷ್ಟೇ" ಎಂದರೆ, ಕಾರ್ಮಿಕ ಯಾವ ಬಾಗಿಲು ತಟ್ಟಬೇಕು, ಆ ಬಾಗಿಲ ಒಳಗೆ ಕೂತವರು ಏನನ್ನು ನೋಡುತ್ತಾರೆ, ಏನನ್ನು ನೋಡುವುದಿಲ್ಲ ಎಂಬುದನ್ನು ತಮ್ಮ ಮುಂದಿಡುತ್ತೇನೆ. ನನ್ನ ವಾದ ಇದು. ಪರಿಹಾರದ ಕಾನೂನು ಅಳೆಯಬೇಕಾದದ್ದು ಕಳೆದುಹೋದ ದುಡಿಮೆಯನ್ನು, ಕಳೆದುಹೋದ ಮಾಂಸಖಂಡವನ್ನಲ್ಲ. ಈ ಅಳತೆ ನಡೆಯುವುದು ಮೊದಲ ಹಂತದಲ್ಲಿ. ಮೇಲಿನ ನ್ಯಾಯಾಲಯ ಮತ್ತೆ ಅಳೆಯುವುದಿಲ್ಲ, ಅಳೆಯುವವನು ಸರಿಯಾದ ಕೋಲು ಹಿಡಿದಿದ್ದನೇ ಎಂದಷ್ಟೇ ಕೇಳುತ್ತದೆ.

ಮೊದಲು, 2025ರ ನವೆಂಬರ್ 21ಕ್ಕೆ ಮುಂಚಿನ ಅಪಘಾತಗಳಿಗೆ ಅನ್ವಯಿಸುವ ಹಳೆಯ ಕಾಯ್ದೆಗಳಲ್ಲಿ ಯಾರು ಯಾವುದರ ಕೆಳಗೆ ಬರುತ್ತಾರೆ ಎಂಬುದನ್ನು ಬಿಡಿಸಿಕೊಳ್ಳಬೇಕು, ಏಕೆಂದರೆ ಅನೇಕ ಅರ್ಜಿಗಳು ಇಲ್ಲಿಯೇ ಎಡವುತ್ತವೆ. ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ, ಅಂದರೆ ನಾವು ಇಎಸ್ಐ ಎನ್ನುವುದು, 1948ರದ್ದು. ತಿಂಗಳಿಗೆ 21,000 ರೂಪಾಯಿವರೆಗೆ ಪಗಾರವಿರುವ, ವಿಮೆಗೆ ಒಳಪಟ್ಟ ಕಾರ್ಮಿಕನಿಗೆ ಕೆಲಸದಲ್ಲಿ ಗಾಯವಾದರೆ ಅದರ ಅಂಗವೈಕಲ್ಯ ಸೌಲಭ್ಯ ಇಎಸ್ಐ ನಿಗಮದಿಂದ ಬರುತ್ತದೆ. ವಿಮೆಗೆ ಒಳಪಡದವನಿಗೆ 1923ರ ಕಾಯ್ದೆ. ಹಿಂದೆ ಕಾರ್ಮಿಕರ ಪರಿಹಾರ ಕಾಯ್ದೆ ಎನ್ನುತ್ತಿದ್ದೆವು, 2010ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರ ಅದು ನೌಕರರ ಪರಿಹಾರ ಕಾಯ್ದೆ. ಅಲ್ಲಿ ಹಣ ಕೊಡಬೇಕಾದವನು ಮಾಲೀಕ, ಅವನು ವಿಮೆ ಮಾಡಿಸಿದ್ದರೆ ವಿಮಾ ಕಂಪನಿ. ಒಂದೇ ಗಾಯಕ್ಕೆ ಎರಡೂ ಕಡೆ ಕೇಳಲಾಗದು. ಇಎಸ್ಐ ಇದ್ದವನಿಗೆ 1923ರ ಕಾಯ್ದೆಯ ಬಾಗಿಲು ಮುಚ್ಚಿದೆ ಎಂದು ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ.

ನಮ್ಮ ಸೀಮೆಗೆ ಇದರಲ್ಲೊಂದು ವಿಚಿತ್ರ ತಿರುವಿದೆ. 1948ರ ಕಾಯ್ದೆ "ಕಾರ್ಖಾನೆ" ಎನ್ನುವಾಗ ಗಣಿ ಕಾಯ್ದೆಗೆ ಒಳಪಟ್ಟ ಗಣಿಯನ್ನು ಹೊರಗಿಟ್ಟಿತ್ತು. ಹೀಗಾಗಿ ಒಂದೇ ಸಿಮೆಂಟ್ ಕಂಪನಿಯ ಹೆಸರಿನಲ್ಲಿ ದುಡಿಯುವ ಇಬ್ಬರಲ್ಲಿ ಪ್ಯಾಕಿಂಗ್ ವಿಭಾಗದವನು ಇಎಸ್ಐ ಅಡಿ, ಎರಡು ಮೈಲಿ ಆಚೆ ಸುಣ್ಣಕಲ್ಲಿನ ಖಣಿಯಲ್ಲಿರುವವನು 1923ರ ಕಾಯ್ದೆಯ ಅಡಿ. ಒಬ್ಬನಿಗೆ ಬದುಕಿರುವ ತನಕ ಪಿಂಚಣಿಯಂತೆ ಬರುವ ಹಣ, ಇನ್ನೊಬ್ಬನಿಗೆ ಒಂದೇ ಸಲದ ಗಂಟು. ಗುತ್ತೇದಾರನ ಕೈಕೆಳಗೆ ಇದ್ದವನಂತೂ ತಾನು ಯಾವ ಕಡೆಯವನು ಎಂಬುದನ್ನೇ ತಿಳಿಯದೆ ಎರಡು ಕಚೇರಿಗಳ ನಡುವೆ ಅಲೆಯುತ್ತಾನೆ. ಅಲೆದಾಟದಲ್ಲೇ 1923ರ ಕಾಯ್ದೆಯಡಿ ಅರ್ಜಿ ಹಾಕುವ ಎರಡು ವರ್ಷದ ಗಡುವು ಮುಗಿಯುತ್ತದೆ. ತಡವಾದುದಕ್ಕೆ ಸಾಕಷ್ಟು ಕಾರಣ ತೋರಿಸಿದರೆ ಅರ್ಜಿ ವಿಚಾರಿಸುವ ಪರಿಹಾರ ಆಯುಕ್ತರು ಮನ್ನಿಸಬಹುದು ಎಂಬುದು ನಿಜ. ತಪ್ಪು ಕಚೇರಿಗೆ ಅಲೆದದ್ದೂ ಅಂಥ ಕಾರಣಗಳಲ್ಲೊಂದು ಎಂದು ವಾದಿಸಲು ಸಾಧ್ಯವಿದೆ. ಆದರೆ ಆ ವಾದ ಮಾಡಲು ಅಲೆದುದಕ್ಕೆ ಒಂದು ಚೀಟಿಯಾದರೂ ಕೈಯಲ್ಲಿರಬೇಕು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಯಂತ್ರಗಳ ಯುಗದ ಆರಂಭದಲ್ಲಿ ಗಾಯಗೊಂಡ ಕಾರ್ಮಿಕ ಪರಿಹಾರ ಬೇಕೆಂದರೆ ಮಾಲೀಕನ ತಪ್ಪನ್ನು ಸಾಬೀತು ಮಾಡಬೇಕಿತ್ತು. ಅಪಾಯ ತಿಳಿದೇ ಕೆಲಸಕ್ಕೆ ಬಂದೆ ಎಂದೋ, ತಪ್ಪು ನಿನ್ನ ಜೊತೆಗಾರನದು ಎಂದೋ ಹೇಳಿ ಮಾಲೀಕ ಪಾರಾಗುತ್ತಿದ್ದ. ಜರ್ಮನಿ 1884ರಲ್ಲಿ ಅಪಘಾತ ವಿಮೆಯನ್ನು ಕಡ್ಡಾಯ ಮಾಡಿತು. ಬ್ರಿಟನ್ನಿನ 1897ರ ಕಾಯ್ದೆ ಯಾರ ತಪ್ಪು ಎಂಬ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟಿತು. ಭಾರತದಲ್ಲಿ ಅದೇ ತತ್ತ್ವದ 1923ರ ಕಾಯ್ದೆ 1924ರ ಜುಲೈ 1ರಿಂದ ಜಾರಿಗೆ ಬಂತು. ಗಾಯ ಕೆಲಸದಿಂದ ಹುಟ್ಟಿರಬೇಕು, ಕೆಲಸದ ಅವಧಿಯಲ್ಲಿ ಆಗಿರಬೇಕು, ಅಷ್ಟೇ. ಸಿವಿಲ್ ದಾವೆಯ ದೀರ್ಘ ದಾರಿಯ ಬದಲು ಒಬ್ಬ ಆಯುಕ್ತ, ಸರಳ ವಿಚಾರಣೆ, ಕೋಷ್ಟಕದಿಂದ ಲೆಕ್ಕ ಹಾಕಿದ ಮೊತ್ತ. ಆಮೇಲೆ ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ ಅಡಾರ್ಕರ್ ಅವರು 1944ರಲ್ಲಿ ಕೊಟ್ಟ ವರದಿಯ ತಳಹದಿಯ ಮೇಲೆ ಇಎಸ್ಐ ಬಂತು. 1952ರ ಫೆಬ್ರುವರಿಯಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಅದು ಆರಂಭವಾಯಿತು.

ಈ ಇತಿಹಾಸ ಹೇಳಿದ್ದಕ್ಕೆ ಕಾರಣವಿದೆ. ಶೀಘ್ರವಾಗಿ ಮುಗಿಯಬೇಕು ಎಂಬ ಆಶಯದಿಂದಲೇ ಶಾಸನಕರ್ತರು ಮೇಲ್ಮನವಿಯನ್ನು ಬಿಗಿ ಮಾಡಿದರು. 1923ರ ಕಾಯ್ದೆಯ 30ನೇ ಕಲಮು ಹೇಳುವಂತೆ, ಆಯುಕ್ತರ ಆದೇಶದ ಮೇಲೆ ಹೈಕೋರ್ಟಿಗೆ ಹೋಗಬೇಕಾದರೆ ಕಾನೂನಿನ ಮಹತ್ವದ ಪ್ರಶ್ನೆಯೊಂದು ಇರಲೇಬೇಕು. ಅರವತ್ತು ದಿನಗಳೊಳಗೆ ಹೋಗಬೇಕು. ವಿವಾದದ ಮೊತ್ತ ಮೊದಲು 300 ರೂಪಾಯಿಗೆ ಕಡಿಮೆ ಇರಬಾರದೆಂದಿತ್ತು, 2017ರಲ್ಲಿ ಅದನ್ನು 10,000ಕ್ಕೆ ಏರಿಸಿದರು. ಪರಿಹಾರ ಕೊಡು ಎಂಬ ಆದೇಶದ ವಿರುದ್ಧ ಮಾಲೀಕ ಹೋಗುವುದಾದರೆ ಮೊದಲು ಪೂರ್ತಿ ಹಣವನ್ನು ಆಯುಕ್ತರಲ್ಲಿ ಠೇವಣಿ ಇಟ್ಟು ಅದರ ಪ್ರಮಾಣಪತ್ರ ಲಗತ್ತಿಸಬೇಕು. ಈ ಕೊನೆಯ ಷರತ್ತು ಎಷ್ಟು ಮಾನವೀಯವಾದುದು ನೋಡಿ. ಬಡವನನ್ನು ಮೇಲಿನ ಕೋರ್ಟಿಗೆ ಎಳೆದು ದಣಿಸುವ ಆಟಕ್ಕೆ ಅದು ಲಗಾಮು. ಹೀಗೆ ಕಾರ್ಮಿಕನ ರಕ್ಷಣೆಗೆಂದು ಕಟ್ಟಿದ ಗೋಡೆ ಇದು. ಆದರೆ ಮೊದಲ ಹಂತದಲ್ಲೇ ಸೋತ ಕಾರ್ಮಿಕನಿಗೆ ಅದೇ ಗೋಡೆ ಅಡ್ಡ ಬರುತ್ತದೆ. ನಮ್ಮ ವಿಷಯದ ಗಂಟು ಇರುವುದು ಇಲ್ಲಿ.

ಸಭಿಕರೇ, ಪ್ರತಿಶತದ ಮಾತಿಗೆ ಬರೋಣ, ಏಕೆಂದರೆ ಕೊಡುವುದಿಲ್ಲ ಎನ್ನುವುದಕ್ಕಿಂತ ಹೆಚ್ಚು ಅನ್ಯಾಯ ಕಡಿಮೆ ಅಳೆಯುವುದರಲ್ಲಿ ಆಗುತ್ತದೆ. ಒಬ್ಬ ಗಾಯಾಳುವಿನ ಕೈಯಲ್ಲಿ ಮೂರು ಬಗೆಯ ಪ್ರತಿಶತಗಳು ಬರುತ್ತವೆ. ಸರ್ಕಾರಿ ದವಾಖಾನೆಯಲ್ಲಿ ಕೊಡುವ ಅಂಗವಿಕಲರ ಪ್ರಮಾಣಪತ್ರದ್ದು ಒಂದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಶೇ 40 ಎಂಬುದು ಅಲ್ಲಿಯ ಗಡಿ, ಅದು ಮಾಸಾಶನ, ಮೀಸಲಾತಿ, ಬಸ್ ಪಾಸಿನಂಥವುಗಳಿಗೆ. ಮೂಳೆ ವೈದ್ಯರು "ಬಲಗಾಲಿಗೆ ಶೇ 45" ಎಂದು ಬರೆಯುವುದು ಎರಡನೆಯದು. ಅದು ಆ ಒಂದು ಅಂಗದ ಲೆಕ್ಕ, ಇಡೀ ದೇಹಕ್ಕೆ ತಂದಾಗ ಅದು ಇಳಿಯುತ್ತದೆ. ಗಳಿಕೆಯ ಶಕ್ತಿ ಎಷ್ಟು ಹೋಯಿತು ಎಂಬುದು ಮೂರನೆಯದು. ಪರಿಹಾರದ ಕಾಯ್ದೆಗೆ ಬೇಕಾದದ್ದು ಈ ಮೂರನೆಯದೊಂದೇ. ಆದರೆ ಕಡತದಲ್ಲಿ ಇರುವುದು ಬಹುಪಾಲು ಮೊದಲ ಎರಡು.

ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಕೆಲವು ಗಾಯಗಳಿಗೆ ಗಳಿಕೆಯ ನಷ್ಟವನ್ನು ಮೊದಲೇ ನಿಗದಿ ಮಾಡಿದ್ದಾರೆ. ಹೆಬ್ಬೆರಳು ಹೋದರೆ ಶೇ 30, ಒಂದು ಕೈ ಹೋದರೆ ಶೇ 60, ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣು ಹೋದರೆ ಶೇ 40. ಅಂಗ ದೇಹದಲ್ಲೇ ಉಳಿದು ಅದರ ಉಪಯೋಗ ಮಾತ್ರ ಶಾಶ್ವತವಾಗಿ, ಪೂರ್ತಿಯಾಗಿ ಹೋಗಿದ್ದರೆ ಅದನ್ನು ಅಂಗವೇ ಹೋದಂತೆ ಎಣಿಸಬೇಕು ಎಂಬ ಟಿಪ್ಪಣಿ ಅನುಸೂಚಿಯ ಕೊನೆಗೆ ಇದೆ. ವಾದ ಮಾಡುವವರು ಇದನ್ನು ಮರೆಯಬಾರದು. ಪಟ್ಟಿಯಲ್ಲಿ ಇಲ್ಲದ ಗಾಯಕ್ಕೆ, ಉದಾಹರಣೆಗೆ ಬೆನ್ನುಮೂಳೆಯ ಪೆಟ್ಟಿಗೆ, ಅರ್ಹ ವೈದ್ಯರು ಗಳಿಕೆಯ ನಷ್ಟವನ್ನು ಅಂದಾಜು ಮಾಡಬೇಕು.

ಪಟ್ಟಿಯ ಅಂಕಿಯೇ ಕೊನೆಯ ಮಾತೇ? ಈ ಪ್ರಶ್ನೆಗೆ 1975ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳ ಪೀಠ ಕೊಟ್ಟ ಉತ್ತರ ಇಂದಿಗೂ ದಾರಿದೀಪ. ಕೆಲಸದಲ್ಲಿ ಬಿದ್ದ ಬಡಗಿಯೊಬ್ಬನ ಎಡಗೈಯನ್ನು ಮೊಣಕೈಯ ಮೇಲೆ ಕತ್ತರಿಸಬೇಕಾಯಿತು. ಪಟ್ಟಿಯ ಪ್ರಕಾರ ಭಾಗಶಃ ನಷ್ಟ ಎಂದು ಮಾಲೀಕನ ವಾದ. ಒಂದು ಕೈಯಲ್ಲಿ ಬಡಗಿ ಕೆಲಸ ಮಾಡಲಾಗದು, ಆದ್ದರಿಂದ ಅವನ ನಷ್ಟ ಪೂರ್ತಿ ನಷ್ಟ ಎಂದು ನ್ಯಾಯಾಲಯ ಎತ್ತಿಹಿಡಿಯಿತು. ಪರಿಹಾರ ಕೊಡುವ ಹೊಣೆ ಹುಟ್ಟುವುದು ಅಪಘಾತವಾದ ದಿನವೇ, ಆಯುಕ್ತರು ಆದೇಶ ಬರೆದ ದಿನವಲ್ಲ ಎಂದೂ ಅದೇ ತೀರ್ಪು ಹೇಳಿತು.

2019ರಲ್ಲಿ ಕರ್ನಾಟಕದಿಂದಲೇ ಹೋದ ಇನ್ನೊಂದು ಪ್ರಕರಣ ತೀರ್ಮಾನವಾಯಿತು. ಅದು ಒಬ್ಬ ಲಾರಿ ಚಾಲಕನದು. ವೈದ್ಯರ ಪ್ರಕಾರ ಇಡೀ ದೇಹದ ವೈಕಲ್ಯ ಶೇ 37. ಆದರೆ ಅವನು ಹೆಚ್ಚು ಹೊತ್ತು ನಿಲ್ಲಲಾರ, ಕಾಲು ಮಡಚಲಾರ, ಇನ್ನೆಂದೂ ಲಾರಿ ಓಡಿಸಲಾರ. ಹಾಗಾಗಿ ಅವನ ಕೆಲಸದ ದೃಷ್ಟಿಯಿಂದ ನಷ್ಟ ಶೇ 100 ಎಂದು ಸುಪ್ರೀಂ ಕೋರ್ಟು ಎಣಿಸಿತು.

ಈ ವ್ಯತ್ಯಾಸ ಹಣದ ಲೆಕ್ಕದಲ್ಲಿ ಏನಾಗುತ್ತದೆ ಎಂದು ನೋಡಬೇಕು. ನಲವತ್ತು ವರ್ಷದ, ತಿಂಗಳಿಗೆ 15,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಗಳಿಸುವ ಖಣಿ ಕಾರ್ಮಿಕನನ್ನು ಎಣಿಕೆಗೆ ತೆಗೆದುಕೊಳ್ಳಿ. 2020ರ ಜನವರಿ 3ರಿಂದ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ಪಗಾರ 15,000. ಅದರ ಶೇ 60 ಅಂದರೆ 9,000. ನಲವತ್ತರ ವಯಸ್ಸಿಗೆ ಕೋಷ್ಟಕದ ಗುಣಕ 184.17. ಪೂರ್ತಿ ವೈಕಲ್ಯಕ್ಕೆ 16,57,530 ರೂಪಾಯಿ. ಶೇ 37 ಎಂದರೆ ಸುಮಾರು 6,13,000. ಹತ್ತು ಲಕ್ಷಕ್ಕೂ ಮೀರಿದ ಈ ಅಂತರ ನಿಂತಿರುವುದು "ಇವನು ಏನು ಕೆಲಸ ಮಾಡುತ್ತಿದ್ದ, ಈಗ ಅದನ್ನು ಮಾಡಬಲ್ಲನೇ" ಎಂಬ ಒಂದು ಪ್ರಶ್ನೆಯನ್ನು ಕೇಳಿದರೋ ಇಲ್ಲವೋ ಎಂಬುದರ ಮೇಲೆ. ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ 12ರ ಬಡ್ಡಿ ಸೇರುತ್ತದೆ. ತಡಕ್ಕೆ ಸರಿಯಾದ ಕಾರಣವಿಲ್ಲದಿದ್ದರೆ ಮೊತ್ತದ ಅರ್ಧದವರೆಗೆ ದಂಡವನ್ನೂ ಮಾಲೀಕನ ಮೇಲೆ ಹಾಕಬಹುದು.

ನಮ್ಮ ಸೀಮೆಯಲ್ಲಿ ಈ ತತ್ತ್ವಕ್ಕೆ ವಿಶೇಷ ಬೆಲೆ ಇದೆ ಎಂದು ನಾನು ನಂಬಿದ್ದೇನೆ. ಪರ್ಸಿ ಬಿಡಿಸುವವನ ಕೆಲಸ ಕೂತೆದ್ದು ಮಾಡುವ ಕೆಲಸ. ಪದರದ ಸೀಳಿಗೆ ಉಳಿ ಇಟ್ಟು ಬಗ್ಗಿ ಹೊಡೆಯಬೇಕು, ಎತ್ತಬೇಕು, ಸಾಗಿಸಬೇಕು. ಮೊಣಕಾಲು ಮಡಚಲಾಗದವನಿಗೆ ಅಲ್ಲಿ ಜಾಗವಿಲ್ಲ. ನಗರದಲ್ಲಾದರೆ ಅವನು ಕೂತು ಮಾಡುವ ಬೇರೆ ಕೆಲಸ ಹುಡುಕಬಹುದು ಎಂದು ವಿಮಾ ಕಂಪನಿಯ ವಕೀಲರು ವಾದಿಸುತ್ತಾರೆ. ಚಿಂಚೋಳಿಯ ಹಳ್ಳಿಯೊಂದರಲ್ಲಿ ಓದು ಬಾರದ ನಡುವಯಸ್ಸಿನವನಿಗೆ ಕೂತು ಮಾಡುವ ಕೆಲಸ ಎಲ್ಲಿದೆ? ತೊಗರಿ ಹೊಲದಲ್ಲೂ ಬಗ್ಗಲೇಬೇಕು. ಗಳಿಕೆಯ ಶಕ್ತಿ ಎಂಬುದು ದೇಹದ ಒಳಗೆ ಮಾತ್ರ ಇರುವಂಥದ್ದಲ್ಲ; ಆ ದೇಹ ದುಡಿಯುವ ಊರಿನ ಕೆಲಸಗಳಲ್ಲೂ ಅದು ಇದೆ. ಇದನ್ನು ಸಾಕ್ಷ್ಯವಾಗಿ ತರಬೇಕು.

ಇನ್ನು ನೇರ ನಿರಾಕರಣೆಯ ಮಾತು. ಅದಕ್ಕೆ ಕೊಡುವ ಕಾರಣಗಳು ಸಾಮಾನ್ಯವಾಗಿ ನಾಲ್ಕೈದೇ. ಇವನು ನಮ್ಮ ಆಳಲ್ಲ, ಗುತ್ತೇದಾರನ ಆಳು ಎನ್ನುವುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು. 1923ರಲ್ಲೇ 12ನೇ ಕಲಮು ಇದಕ್ಕೆ ಉತ್ತರ ಕೊಟ್ಟಿದೆ: ತನ್ನ ಉದ್ಯಮದ ಭಾಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟವನು, ಅಪಘಾತ ತನ್ನ ಆವರಣದಲ್ಲಿ ಅಥವಾ ತನ್ನ ಹತೋಟಿಯ ಜಾಗದಲ್ಲಿ ಆಗಿದ್ದರೆ, ತಾನೇ ನೇಮಿಸಿಕೊಂಡವನಿಗೆ ಕೊಡುವಂತೆ ಪರಿಹಾರ ಕೊಡಬೇಕು, ಆಮೇಲೆ ಗುತ್ತೇದಾರನಿಂದ ವಸೂಲು ಮಾಡಿಕೊಳ್ಳಬಹುದು. ಇವನದೇ ಅಜಾಗರೂಕತೆ ಎನ್ನುವುದು ಇನ್ನೊಂದು. ಅಜಾಗರೂಕತೆ ಈ ಕಾಯ್ದೆಯಲ್ಲಿ ರಕ್ಷಣೆಯೇ ಅಲ್ಲ. ಕುಡಿದಿದ್ದ, ಸುರಕ್ಷತೆಯ ಆದೇಶವನ್ನು ಬೇಕೆಂದೇ ಮೀರಿದ, ರಕ್ಷಣಾ ಸಾಧನವನ್ನು ಬೇಕೆಂದೇ ತೆಗೆದಿಟ್ಟ ಎಂದು ತೋರಿಸಿದರೆ ಮಾತ್ರ ಹೊಣೆ ತಪ್ಪಬಹುದು. ಅದೂ ಸಾವು ಅಥವಾ ಶಾಶ್ವತ ಪೂರ್ಣ ವೈಕಲ್ಯವಾಗಿದ್ದರೆ ಆ ವಾದಗಳೂ ನಡೆಯುವುದಿಲ್ಲ. ಹೆಲ್ಮೆಟ್ ಹಾಕಿರಲಿಲ್ಲ ಎಂಬ ಒಂದು ಸಾಲಿನಿಂದ ಅರ್ಜಿ ಬಿದ್ದುಹೋಗಬಾರದು.

ಡ್ಯೂಟಿಯ ಮೇಲಿರಲಿಲ್ಲ, ದಾರಿಯಲ್ಲಿದ್ದ ಎಂಬ ಕಾರಣದ ಕಥೆ ಸ್ವಲ್ಪ ಉದ್ದದ್ದು. ಸೈಕಲ್ಲಿನ ಮೇಲೆ ಕಾರ್ಖಾನೆಗೆ ಹೊರಟು, ಇನ್ನೇನು ಒಂದು ಕಿಲೋಮೀಟರು ಇದೆ ಎನ್ನುವಾಗ ಲಾರಿ ಬಡಿದು ಗಾಯಗೊಂಡವನಿಗೆ ಇಎಸ್ಐ ಸೌಲಭ್ಯ ಸಲ್ಲದು ಎಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಸಂಸತ್ತು 2010ರಲ್ಲಿ ಇಎಸ್ಐ ಕಾಯ್ದೆಗೆ ಹೊಸ ಕಲಮು ಸೇರಿಸಿ, ಮನೆಯಿಂದ ಕೆಲಸಕ್ಕೆ ಹೋಗುವ ಬರುವ ದಾರಿಯ ಅಪಘಾತವನ್ನೂ ಒಳಗೆ ತಂದಿತು, ಕೆಲಸಕ್ಕೂ ಅಪಘಾತಕ್ಕೂ ಸಂಬಂಧ ತೋರಿಸಬೇಕು ಎಂಬ ಷರತ್ತಿನೊಡನೆ. 2025ರ ಜುಲೈನಲ್ಲಿ, ಅಂದಿನ ಉಸ್ಮಾನಾಬಾದ್ ಜಿಲ್ಲೆಯ ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬ ನಸುಕಿನ ಪಾಳಿಗೆ ಹೊರಟಾಗ ದಾರಿಯಲ್ಲಿ ಸತ್ತ ಪ್ರಕರಣದಲ್ಲಿ, ಅದೇ ಅರ್ಥವನ್ನು 1923ರ ಕಾಯ್ದೆಗೂ ಓದಬೇಕೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. ಅಪಘಾತವಾದದ್ದು 2003ರಲ್ಲಿ. ಆ ಕುಟುಂಬ ಇಪ್ಪತ್ತೆರಡು ವರ್ಷ ಕಾಯಿತು ಎಂಬುದನ್ನು ತೀರ್ಪಿನ ಸಂತೋಷದಲ್ಲಿ ನಾವು ಮರೆಯಲಾಗದು. ರಾತ್ರಿ ಪಾಳಿ ಮುಗಿಸಿ ಮೋಟಾರ್ ಸೈಕಲ್ಲಿನಲ್ಲಿ ಹಳ್ಳಿಗೆ ಮರಳುವ ನಮ್ಮ ಹುಡುಗರಿಗೆ ಈ ತೀರ್ಪು ನೇರವಾಗಿ ಸಂಬಂಧಿಸಿದ್ದು.

ಹಾಗಾದರೆ ಆಯುಕ್ತರು ಅರ್ಜಿ ತಳ್ಳಿಹಾಕಿದಾಗ ಹೈಕೋರ್ಟು ಏನು ಮಾಡುತ್ತದೆ? ಕರ್ನಾಟಕದಲ್ಲಿ ಈಗ ಹಿರಿಯ ಸಿವಿಲ್ ನ್ಯಾಯಾಧೀಶರೇ ಪರಿಹಾರ ಆಯುಕ್ತರು. ಅಪಘಾತವಾದ ಜಾಗದಲ್ಲಿ ಮಾತ್ರವಲ್ಲ, ಅರ್ಜಿದಾರ ವಾಸವಿರುವ ಜಾಗದ ಆಯುಕ್ತರಲ್ಲೂ ಅರ್ಜಿ ಹಾಕಬಹುದು. ಗಡಿಯಾಚೆ ತಾಂಡೂರಿನ ಖಣಿಗೋ ದೂರದ ಮುಂಬಯಿಗೋ ದುಡಿಯಲು ಹೋಗಿ ಗಾಯಗೊಂಡು ಮನೆಗೆ ಮರಳಿದವನು ತನ್ನ ಊರಿನ ಕಡೆಯ ಕೋರ್ಟಿನಲ್ಲೇ ಕೇಳಬಹುದು. ಅಲ್ಲಿಂದ ಮೇಲ್ಮನವಿ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಈ ಪೀಠದಿಂದಾಗಿ ಸೇಡಂನವರಿಗೆ ಬೆಂಗಳೂರಿನ ರೈಲು ತಪ್ಪಿದೆ. ಇದು ಸಣ್ಣ ಲಾಭವಲ್ಲ. ಊರುಗೋಲಿನ ಮೇಲೆ ನಡೆಯುವವನಿಗೆ ಒಂದು ದಿನದಲ್ಲಿ ಹೋಗಿ ಬರುವ ದೂರದಲ್ಲಿ ನ್ಯಾಯಾಲಯವಿರುವುದೇ ಒಂದು ಹಕ್ಕು.

ಆದರೆ ಎಂಎಫ್‌ಎ ಎಂದು ಕರೆಯುವ ಈ ಮೇಲ್ಮನವಿಯಲ್ಲಿ ಸಾಕ್ಷ್ಯವನ್ನು ಮತ್ತೆ ತೂಗುವುದಿಲ್ಲ. ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ 2016ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ವಾಸ್ತವಾಂಶಗಳ ಮಟ್ಟಿಗೆ ಆಯುಕ್ತರೇ ಕೊನೆಯ ಅಧಿಕಾರಿ ಎಂದು ಸ್ಪಷ್ಟಪಡಿಸಿ, ಕಾರ್ಮಿಕರಿಗೆ ಸಿಕ್ಕಿದ್ದನ್ನು ಇಳಿಸಿದ ಹೈಕೋರ್ಟಿನ ಆದೇಶವನ್ನು ಬದಿಗೊತ್ತಿತು. 2018ರ ನವೆಂಬರಿನಲ್ಲಿ ನಮ್ಮದೇ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಪಕ್ಷಗಾರನಾಗಿದ್ದ ಪ್ರಕರಣದಲ್ಲಿ ಇನ್ನೂ ಬಿಡಿಸಿ ಹೇಳಿತು: ಅಪಘಾತ ಆಯಿತೇ, ಕೆಲಸದ ಅವಧಿಯಲ್ಲಿ ಆಯಿತೇ, ಮಾಲೀಕ-ನೌಕರ ಸಂಬಂಧವಿತ್ತೇ, ವಯಸ್ಸೆಷ್ಟು, ಪಗಾರವೆಷ್ಟು, ವೈಕಲ್ಯವೆಷ್ಟು ಎಂಬವೆಲ್ಲ ಸಾಕ್ಷ್ಯದಿಂದ ತೀರ್ಮಾನವಾಗುವ ವಾಸ್ತವದ ಪ್ರಶ್ನೆಗಳು.

ವೈಕಲ್ಯವೆಷ್ಟು ಎಂಬುದು ವಾಸ್ತವದ ಪ್ರಶ್ನೆಯಾದರೆ, 2019ರಲ್ಲಿ ಶೇ 37 ಹೇಗೆ ಶೇ 100 ಆಯಿತು? ಈ ಎರಡು ತೀರ್ಪುಗಳು ಒಂದಕ್ಕೊಂದು ಎದುರಾಗಿ ನಿಂತಿಲ್ಲ. ವೈದ್ಯ ಹೇಳಿದ್ದನ್ನು ನಂಬಬೇಕೋ ಬೇಡವೋ ಎಂಬುದು ವಾಸ್ತವದ ಪ್ರಶ್ನೆ. ಅಲ್ಲಿ ಮೇಲಿನ ಕೋರ್ಟು ಕೈಹಾಕುವುದಿಲ್ಲ. ಆದರೆ ದೇಹದ ಪ್ರತಿಶತವನ್ನೇ ಗಳಿಕೆಯ ಪ್ರತಿಶತವೆಂದು ಎತ್ತಿಕೊಂಡು, ಕಾರ್ಮಿಕನ ಕಸುಬನ್ನು ನೋಡದೆ ತೀರ್ಮಾನಿಸಿದರೆ ಅದು ಅಳತೆಯ ತಪ್ಪಲ್ಲ, ಅಳತೆಗೋಲಿನ ತಪ್ಪು. ಕಾನೂನು ಹೇಳಿದ ಪ್ರಶ್ನೆಯನ್ನು ಕೇಳದೆ ಬೇರೆ ಪ್ರಶ್ನೆಗೆ ಉತ್ತರ ಬರೆದಂತೆ. ಅದು ಕಾನೂನಿನ ಮಹತ್ವದ ಪ್ರಶ್ನೆಯೇ ಸರಿ. ಹಾಗೆಯೇ 12ನೇ ಕಲಮನ್ನು ಗಮನಿಸದೆ ಇವನು ಗುತ್ತೇದಾರನ ಆಳು ಎಂದು ಅರ್ಜಿ ವಜಾ ಮಾಡುವುದು, ಅಜಾಗರೂಕತೆಯ ಕಾರಣಕ್ಕೆ ಪರಿಹಾರ ಕಡಿಮೆ ಮಾಡುವುದು, ಅಪಘಾತದ ದಿನದಿಂದ ಬಡ್ಡಿ ಕೊಡದಿರುವುದು, ದಾಖಲೆಯಲ್ಲಿ ಇರುವ ಸಾಕ್ಷ್ಯವನ್ನು ನೋಡದೇ ಇರುವುದು, ಇವೆಲ್ಲ ಆ ಬಾಗಿಲಿನಿಂದ ಒಳಗೆ ಹೋಗಬಲ್ಲವು. ಮೇಲ್ಮನವಿ ಬರೆಯುವ ಯುವ ವಕೀಲರಲ್ಲಿ ನನ್ನ ವಿನಂತಿ: "ಪರಿಹಾರ ಕಡಿಮೆಯಾಯಿತು" ಎಂದು ಅಳಬೇಡಿ, ಕೆಳಗಿನ ಕೋರ್ಟು ಕೇಳದೇ ಬಿಟ್ಟ ಪ್ರಶ್ನೆ ಯಾವುದು ಎಂದು ಒಂದು ವಾಕ್ಯದಲ್ಲಿ ಬರೆಯಿರಿ.

ಇಎಸ್ಐ ದಾರಿ ಬೇರೆ. ಅಲ್ಲಿ ಪ್ರತಿಶತ ನಿರ್ಧರಿಸುವುದು ವೈದ್ಯಕೀಯ ಮಂಡಳಿ. ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ, ಅಲ್ಲಿಂದ ನೌಕರರ ವಿಮಾ ನ್ಯಾಯಾಲಯಕ್ಕೆ. ಅಥವಾ ನೇರವಾಗಿ ವಿಮಾ ನ್ಯಾಯಾಲಯಕ್ಕೇ ಹೋಗಬಹುದು. ಹೈಕೋರ್ಟಿಗೆ ಹೋಗಲು ಇಲ್ಲಿಯೂ ಕಾನೂನಿನ ಮಹತ್ವದ ಪ್ರಶ್ನೆ ಬೇಕು, ಅರವತ್ತೇ ದಿನ. ಮೆಟ್ಟಿಲು ಒಂದು ಹೆಚ್ಚಿರುವುದು ಕಾರ್ಮಿಕನಿಗೆ ಒಳ್ಳೆಯದೇ, ಏಕೆಂದರೆ ವಿಮಾ ನ್ಯಾಯಾಲಯ ಸಾಕ್ಷ್ಯವನ್ನು ಹೊಸದಾಗಿ ನೋಡುತ್ತದೆ. ಆದರೆ ಮಂಡಳಿಯ ಮುಂದೆ ಕಾರ್ಮಿಕ ಕೆಲವೇ ನಿಮಿಷ ನಿಲ್ಲುತ್ತಾನೆ. ಅವನ ಕಸುಬು ಏನೆಂದು ಯಾರಾದರೂ ಕೇಳಿ ಬರೆದುಕೊಂಡರೇ? ಕಲಬುರಗಿಯ ಸೇಡಂ ರಸ್ತೆಯಲ್ಲೇ ಇಎಸ್ಐನ ದೊಡ್ಡ ವೈದ್ಯಕೀಯ ಕಾಲೇಜು ಮತ್ತು ದವಾಖಾನೆ ಇದೆ. ಈ ಸೀಮೆಯ ಖಣಿ, ಕಾರ್ಖಾನೆಗಳ ಕೆಲಸಗಳನ್ನು ಕಣ್ಣಾರೆ ಕಂಡ ವೈದ್ಯರ ತಲೆಮಾರೊಂದನ್ನು ಅದು ತಯಾರಿಸಿದರೆ ಪ್ರತಿಶತಗಳ ಅರ್ಥವೇ ಬದಲಾದೀತು.

ಗಾಯಕ್ಕಿಂತ ಕಷ್ಟ ಧೂಳಿನ ಕಾಯಿಲೆಯದು. ಸಿಲಿಕೋಸಿಸ್, ಅದರೊಡನೆ ಬರುವ ಕ್ಷಯ, ಸದ್ದಿನಿಂದ ಕಿವಿ ಕೇಳದಾಗುವುದು, ಇವೆಲ್ಲ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಕಸುಬಿನ ರೋಗಗಳಾಗಿ ಸೇರಿವೆ. ಆದರೆ ಇವಕ್ಕೆ ಅಪಘಾತದ ದಿನ ಎಂಬುದಿಲ್ಲ, ನೋಡಿದ ಸಾಕ್ಷಿಯಿಲ್ಲ. ಕೆಮ್ಮಿಗೆ ಕ್ಷಯದ ಮಾತ್ರೆ ಕೊಟ್ಟು ಕಳಿಸಿದರೆ ಕಡತದಲ್ಲಿ ಕ್ಷಯವಷ್ಟೇ ಉಳಿಯುತ್ತದೆ, ಧೂಳು ಕಾಣೆಯಾಗುತ್ತದೆ. ಕಲ್ನಾರಿನ ಧೂಳಿನ ಪ್ರಕರಣವೊಂದರಲ್ಲಿ 1995ರಲ್ಲೇ ಸುಪ್ರೀಂ ಕೋರ್ಟು ಕಾರ್ಮಿಕನ ಆರೋಗ್ಯವನ್ನು ಬದುಕುವ ಹಕ್ಕಿನ ಭಾಗವೆಂದಿತು. ನಮ್ಮ ದವಾಖಾನೆಗಳ ಒ.ಪಿ. ಚೀಟಿಯಲ್ಲಿ ಹೆಸರು, ವಯಸ್ಸಿನ ಪಕ್ಕದಲ್ಲಿ "ಎಲ್ಲಿ, ಎಷ್ಟು ವರ್ಷ, ಏನು ಕೆಲಸ" ಎಂಬ ಒಂದು ಸಾಲು ಬರೆದರೆ ಆ ಹಕ್ಕಿಗೆ ಕಾಲು ಬರುತ್ತದೆ.

ಎಲ್ಲ ಮಾತೂ ಮೊದಲ ದಿನದ ಕಾಗದಕ್ಕೇ ಬಂದು ನಿಲ್ಲುತ್ತದೆ. ದವಾಖಾನೆಗೆ ಸೇರಿಸುವಾಗ "ಮನೆಯಲ್ಲಿ ಬಿದ್ದ" ಎಂದು ಬರೆಸಿದರೆ ಅದನ್ನು ಹೈಕೋರ್ಟು ಅಳಿಸಲಾರದು. ಅಪಘಾತ ಪುಸ್ತಕದ ನಮೂದು, ಗೇಟ್‌ಪಾಸು, ಹಾಜರಿ, ಪಗಾರ ಬ್ಯಾಂಕಿಗೆ ಬಂದ ಗುರುತು, ಜೊತೆಗಾರನ ಹೇಳಿಕೆ, ಚಿಕಿತ್ಸೆ ಕೊಟ್ಟ ವೈದ್ಯರ ಸಾಕ್ಷ್ಯ ಇವಿಷ್ಟರ ಮೇಲೆಯೇ ಮೇಲ್ಮನವಿಯ ಗೋಡೆ ಏಳುವುದು. ಚಿಕಿತ್ಸೆ ಕೊಡದ ವೈದ್ಯರೊಬ್ಬರು ವರ್ಷಗಳ ನಂತರ ಕೊಟ್ಟ ಪ್ರಮಾಣಪತ್ರವನ್ನು ಎದುರು ವಕೀಲರು ಹರಿದು ಬಿಡುತ್ತಾರೆ. ಅದೇ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಬಂದು "ಇವನು ಇನ್ನು ಕಲ್ಲು ಎತ್ತಲಾರ" ಎಂದರೆ ಅದನ್ನು ಅಲ್ಲಗಳೆಯುವುದು ಸುಲಭವಲ್ಲ. ವಕೀಲರ ಶುಲ್ಕದ ಭಯ ಇದ್ದವರಿಗೆ ಒಂದು ಮಾತು: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಕೈಗಾರಿಕಾ ಕಾರ್ಮಿಕನೂ ಅಂಗವಿಕಲನೂ ಉಚಿತ ವಕೀಲರನ್ನು ಪಡೆಯಲು ಅರ್ಹರು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿಯ ಕಚೇರಿ ಇರುತ್ತದೆ.

2025ರ ನವೆಂಬರ್ 21ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಈ ಎರಡೂ ಕಾಯ್ದೆಗಳನ್ನು ತನ್ನೊಳಗೆ ಸೇರಿಸಿಕೊಂಡಿದೆ. ಅದಕ್ಕೂ ಮುಂಚಿನ ಅಪಘಾತಗಳ ಪ್ರಕರಣಗಳು ಹಳೆಯ ಕಾಯ್ದೆಯ ಹಾದಿಯಲ್ಲೇ ನಡೆಯುತ್ತವೆ. ಹೊಸ ಸಂಹಿತೆಯಲ್ಲಿ ಹಳೆಯದರ ಎಲುಬು ಹಾಗೆಯೇ ಇದೆ. ಹೈಕೋರ್ಟಿನ ಬಾಗಿಲು ಈಗಲೂ ಅಷ್ಟೇ ಕಿರಿದು. ಆದರೆ ಎರಡು ಬದಲಾವಣೆಗಳು ನಮಗೆ ಮುಖ್ಯ. ದಾರಿಯ ಅಪಘಾತ ಪರಿಹಾರದ ಅಧ್ಯಾಯದೊಳಗೇ ಬಂದಿದೆ. ಗಣಿಯನ್ನೂ ಒಳಗೊಂಡ "ಸ್ಥಾಪನೆ" ಎಂಬ ವಿಶಾಲ ವ್ಯಾಖ್ಯೆಯ ಮೇಲೆ, ಹತ್ತು ಅಥವಾ ಹೆಚ್ಚು ಜನರಿರುವ ಕಡೆಗೆ ಇಎಸ್ಐ ಹರಡಬೇಕಿದೆ. ಕಾರ್ಖಾನೆಯವನಿಗೂ ಖಣಿಯವನಿಗೂ ನಡುವೆ ಕಾನೂನು ಎಳೆದಿದ್ದ ಗೆರೆ ಅಳಿಸಿಹೋಗುವ ಅವಕಾಶ ಇದರಲ್ಲಿದೆ. ಪರ್ಸಿ ಖಣಿಗಳ ಕಡೆ ಎಷ್ಟು ಜನ ವಿಮೆಗೆ ಸೇರುತ್ತಾರೆ ಎಂಬುದನ್ನು ಸಂಘಗಳು ಕಣ್ಣಿಟ್ಟು ನೋಡಬೇಕು. ಹಾಜರಿ ಪುಸ್ತಕವೇ ಇಲ್ಲದ ಕಡೆ ಹತ್ತು ಜನ ಇದ್ದರೆಂದು ತೋರಿಸುವ ಕೆಲಸವೂ ಕಾರ್ಮಿಕನ ತಲೆಗೇ ಬರಬಾರದು.

ಕಾನೂನಿನಲ್ಲಿ ಈಗಾಗಲೇ ಇರುವ ಎರಡು ಸಂಗತಿಗಳನ್ನು ಬಳಕೆಗೆ ತರಬೇಕೆಂದು ಕೇಳಿ ಮಾತು ಮುಗಿಸುತ್ತೇನೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಪರಿಹಾರದ ಹಕ್ಕುಗಳನ್ನು ಮಾಲೀಕನು ನೌಕರನಿಗೆ ಲಿಖಿತವಾಗಿ ತಿಳಿಸಬೇಕೆಂದು 2017ರ ತಿದ್ದುಪಡಿ ವಿಧಿಸಿತು. ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ತಿಳಿಸಬಹುದು ಎಂದಿತು. ತಪ್ಪಿದರೆ 50,000 ರೂಪಾಯಿಯಿಂದ ಒಂದು ಲಕ್ಷದವರೆಗೆ ದಂಡ ಎಂದೂ ಆ ತಿದ್ದುಪಡಿ ಹೇಳಿತ್ತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಪ್ರತಿ ಗೇಟಿನಲ್ಲಿ, ಗುತ್ತೇದಾರನ ಆಳಿಗೂ ಸೇರಿಸಿ, ಆ ಕಾಗದ ಕನ್ನಡದಲ್ಲಿ ಕೈಗೆ ಬರಬೇಕು. ಬಿಹಾರ, ಒಡಿಶಾದಿಂದ ಬಂದವರಿಗೆ ಹಿಂದಿಯಲ್ಲಿ ಬರಲಿ.

ಇನ್ನೊಂದು 1923ರ ಕಾಯ್ದೆಯ 20ನೇ ಕಲಮಿನ ಒಳಗಿರುವ ಪುಟ್ಟ ಉಪಕಲಮು. ವಿಚಾರಣೆಯ ವಿಷಯದಲ್ಲಿ ವಿಶೇಷ ತಿಳಿವಳಿಕೆ ಇರುವ ಒಬ್ಬರನ್ನೋ ಹೆಚ್ಚು ಜನರನ್ನೋ ಆಯುಕ್ತರು ತಮ್ಮ ನೆರವಿಗೆ ಆರಿಸಿಕೊಳ್ಳಬಹುದು ಎಂದು ಅದು ಹೇಳುತ್ತದೆ. ವಿಶೇಷ ತಿಳಿವಳಿಕೆ ಎಂದರೆ ವೈದ್ಯರದೊಂದೇ ಎಂದು ಅಲ್ಲಿ ಬರೆದಿಲ್ಲ. ಮೂವತ್ತು ವರ್ಷ ಪರ್ಸಿ ಬಿಡಿಸಿದವನಿಗೆ, ಕಿಲ್ನ್ ಬಳಿ ದುಡಿದ ಫಿಟ್ಟರಿಗೆ ಆ ತಿಳಿವಳಿಕೆ ಇದೆ: ಮಡಚದ ಮೊಣಕಾಲಿನಿಂದ ಯಾವ ಕೆಲಸ ಆಗುತ್ತದೆ, ಯಾವುದು ಆಗುವುದಿಲ್ಲ, ಅಂಥವನನ್ನು ಯಾವ ಗುತ್ತೇದಾರ ಕರೆಯುತ್ತಾನೆ ಎಂಬುದು ಅವರಿಗೆ ಗೊತ್ತು. ಅಂಥವರನ್ನು ನೆರವಿಗೆ ಕರೆಯಿರಿ ಎಂದು ಅರ್ಜಿದಾರರ ಪರ ವಕೀಲರು ಮೊದಲ ಹಂತದಲ್ಲೇ ಲಿಖಿತ ಮನವಿ ಸಲ್ಲಿಸಲಿ. ಆಯುಕ್ತರು ಒಪ್ಪಿದರೆ ಗಳಿಕೆಯ ನಷ್ಟದ ಬಗ್ಗೆ ಗಟ್ಟಿ ಸಾಕ್ಷ್ಯ ಕಡತಕ್ಕೆ ಸೇರುತ್ತದೆ. ಕಾರಣ ಕೊಡದೆ ತಳ್ಳಿಹಾಕಿದರೆ, ಕಲಬುರಗಿಯ ಪೀಠದ ಮುಂದೆ ಎತ್ತಬಹುದಾದ ಕಾನೂನಿನ ಪ್ರಶ್ನೆಯೊಂದು ಅದೇ ಕಡತದಲ್ಲಿ ಬರವಣಿಗೆಯಲ್ಲಿ ಇರುತ್ತದೆ.